ಇತಿಹಾಸ ಕಲಿಸುವವರು ಯಾರು?

ಶಾಲಾ ಪಠ್ಯಪುಸ್ತಕದಲ್ಲಿ ಜೈನಧರ್ಮಕ್ಕೆ ಎಷ್ಟು ಪುಟ ದೊರೆತಿದೆ ಎಂದು ಅಳತೆಗೋಲು ಹಿಡಿದು ಎಣಿಸುವ ಮಹನೀಯರಿಗೆ ಸಮಾಜದಲ್ಲಿ ಕೊರತೆಯಿಲ್ಲ. ಹೊಸ ಪುಸ್ತಕ ಹೊರಬಂದ ವರ್ಷ ಸಭೆ ಸೇರುತ್ತದೆ, ಖಂಡನಾ ನಿರ್ಣಯ ಅಂಗೀಕಾರವಾಗುತ್ತದೆ, ಶಿಕ್ಷಣ ಸಚಿವರಿಗೆ ಮನವಿಪತ್ರ ಹೋಗುತ್ತದೆ, ಮನವಿ ಸಲ್ಲಿಸುವ ಛಾಯಾಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಆ ಚಿತ್ರದಲ್ಲಿ ಶಾಲು ಹೊದ್ದು ನಿಂತ ಹತ್ತು ಹನ್ನೆರಡು ಮಂದಿಯನ್ನು ಒಂದೇ ಪ್ರಶ್ನೆ ಕೇಳಿದರೆ ಸಾಕು: ತಮ್ಮ ಮನೆಯ ಮಕ್ಕಳಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದಿ, ಶಿಕ್ಷಕರಾಗಲು ಹೊರಟವರು ಎಷ್ಟು ಜನ? ಪುಸ್ತಕದ ಪುಟವನ್ನು ತರಗತಿಯಲ್ಲಿ ತೆರೆಯುವ ಕೈ ಯಾರದು ಎಂಬುದರ ಬಗ್ಗೆ ಯೋಚಿಸದೆ ಪುಟದ ಸಂಖ್ಯೆಗಾಗಿ ಹೋರಾಡುವುದು, ಅಂಗಡಿಯಲ್ಲಿ ಗುಮಾಸ್ತನಿಲ್ಲದೆ ಖಾತೆ ಪುಸ್ತಕಕ್ಕೆ ಚರ್ಮದ ಹೊದಿಕೆ ಹಾಕಿಸಿದಂತೆ.

ಒಂದು ಸಾಧಾರಣ ವ್ಯಾಪಾರಿ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಮಗಳು ದ್ವಿತೀಯ ಪಿ.ಯು.ಸಿ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಓದಿ ಒಳ್ಳೆಯ ಅಂಕ ಗಳಿಸಿದ್ದಾಳೆ. ಅಲ್ಲಿಯವರೆಗೆ ಇತಿಹಾಸ ಓದಿದ್ದಕ್ಕೆ ಮನೆಯಲ್ಲಿ ಯಾರ ಆಕ್ಷೇಪವೂ ಇಲ್ಲ. ವಾಣಿಜ್ಯ ವಿಭಾಗದಲ್ಲಿ ಅದು ಕೊಸರಿನಂತೆ ಜೊತೆಗೆ ಬಂದ ವಿಷಯ. ಆದರೆ ಆಕೆ ಬಿ.ಎ. ಸೇರಿ ಇತಿಹಾಸವನ್ನೇ ಓದುವೆ, ಅನಂತರ ಬಿ.ಎಡ್. ಮುಗಿಸಿ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸುವೆ ಎಂದ ದಿನ ಮನೆಯಲ್ಲಿ ಸೂತಕದ ಮೌನ ಕವಿಯುತ್ತದೆ. "ಸಿ.ಎ. ಆಗದಿದ್ದರೆ ಎಂ.ಬಿ.ಎ.ನಾದರೂ ಮಾಡವ್ವ. ಸತ್ತ ರಾಜರ ಲೆಕ್ಕ ಇಟ್ಟು ಯಾರ ಹೊಟ್ಟೆ ತುಂಬಿದೆ?" ಎಂದು ದೊಡ್ಡಪ್ಪನವರು ಕೇಳುತ್ತಾರೆ. ಗಂಡಿನ ಕಡೆಯವರು ಹುಡುಗಿ ಏನು ಓದಿದ್ದಾಳೆ ಎಂದು ವಿಚಾರಿಸಿದರೆ ಏನೆಂದು ಹೇಳುವುದು ಎಂಬುದು ತಾಯಿಯ ಚಿಂತೆ. ಮೇಲೆ ಹೇಳಿದ ಮನವಿಪತ್ರದಲ್ಲಿ ಮೂರನೆಯ ಸಹಿ ಇದೇ ದೊಡ್ಡಪ್ಪನವರದು ಎಂಬುದನ್ನು ಓದುಗರು ಮರೆಯಬಾರದು.

ಈ ತಾತ್ಸಾರ ಒಂದು ಸಮಾಜದ ಸ್ವತ್ತಲ್ಲ ಎನ್ನುವುದು ನಿಜ. ಸಮಾಜವಿಜ್ಞಾನವನ್ನು ಉಪಯೋಗವಿಲ್ಲದ ವಿಷಯವೆಂದು ಕಾಣುವ ಪ್ರವೃತ್ತಿ ದೇಶದಾದ್ಯಂತ ಇರುವುದನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಂದರ್ಭದಲ್ಲಿ ತಜ್ಞರೇ ಗುರುತಿಸಿದ್ದರು. ವಿಜ್ಞಾನಕ್ಕೆ ಸೀಟು ಸಿಗದವನು ವಾಣಿಜ್ಯಕ್ಕೆ, ವಾಣಿಜ್ಯಕ್ಕೂ ಸಿಗದವನು ಕಲಾ ವಿಭಾಗಕ್ಕೆ, ಕಲಾ ವಿಭಾಗದಲ್ಲಿಯೂ ಬೇರೇನೂ ತೋಚದವನು ಇತಿಹಾಸಕ್ಕೆ ಎಂಬ ಮೆಟ್ಟಿಲುಸಾಲು ಎಲ್ಲ ಊರುಗಳಲ್ಲಿಯೂ ಇದೆ. ಹೀಗೆ ಕೆಳಗಿನ ಮೆಟ್ಟಿಲಿಗೆ ತಳ್ಳಲ್ಪಟ್ಟವರೇ ಮುಂದೆ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳ ಮುಂದೆ ನಿಂತು ದೇಶವೆಂದರೇನು, ಧರ್ಮವೆಂದರೇನು, ಸಂವಿಧಾನವೆಂದರೇನು ಎಂಬುದನ್ನು ಹೇಳಿಕೊಡಬೇಕು. ಅವರ ತಪ್ಪೇನೂ ಇಲ್ಲ. ತಳ್ಳಿದವರ ತಪ್ಪು.

ಕಾಲೇಜಿನೊಳಗಿನ ಸ್ಥಿತಿಯೂ ಸಮಾಧಾನಕರವಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಪರಿಚಿತ ತ್ರಿವಳಿ ದಶಕಗಳಿಂದ ನಡೆದು ಬಂದಿದೆ. 2021-22ರಲ್ಲಿ ಹೊಸ ರಾಷ್ಟ್ರೀಯ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತು. 2024-25ರಿಂದ ರಾಜ್ಯ ಸರಕಾರ ಅದನ್ನು ಕೈಬಿಟ್ಟು ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದ್ಧತಿಗೆ ಮರಳಿತು. ನೀತಿ ಹೇಗೆ ಬದಲಾದರೂ ತರಗತಿಯಲ್ಲಿ ಬದಲಾಗದೆ ಉಳಿದದ್ದು ಒಂದೇ: ನೋಟ್ಸು. ಉಪನ್ಯಾಸಕರು ಉಕ್ತಲೇಖನ ಬರೆಸುತ್ತಾರೆ, ವಿದ್ಯಾರ್ಥಿ ಬರೆದುಕೊಳ್ಳುತ್ತಾನೆ, ಪರೀಕ್ಷೆಯ ಹಿಂದಿನ ರಾತ್ರಿ ಪೇಟೆಯ ಗೈಡು ಉಳಿದ ಕೆಲಸ ಪೂರೈಸುತ್ತದೆ. "ಅಶೋಕನ ಸಾಧನೆಗಳನ್ನು ವಿವರಿಸಿ", "ಚಾಲುಕ್ಯರ ಕೊಡುಗೆಗಳನ್ನು ತಿಳಿಸಿ". ಕೊಡುಗೆ, ಸಾಧನೆ, ಕೊಡುಗೆ. ಮೂರು ವರ್ಷ ಇತಿಹಾಸ ಓದಿದ ಪದವೀಧರನೊಬ್ಬ ತನ್ನ ಊರಿನ ಅಗಸೆ ಬಾಗಿಲ ಬಳಿ ನೆಟ್ಟ ವೀರಗಲ್ಲನ್ನು ಒಮ್ಮೆಯೂ ಬಗ್ಗಿ ನೋಡದೆ, ಒಂದು ತಾಮ್ರಪಟವನ್ನೂ ಹಳೆಯ ನಾಣ್ಯವನ್ನೂ ಕೈಯಲ್ಲಿ ಹಿಡಿಯದೆ ಪದವಿಪತ್ರ ಪಡೆಯಬಹುದು, ಅನೇಕರು ಪಡೆಯುತ್ತಿದ್ದಾರೆ. ವ್ಯಾಪಾರ ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಕಿರ್ದಿ, ಖಾತೆ, ರಸೀದಿ ಯಾವುದನ್ನೂ ನೋಡದೆ ಬರಿಯ ಆಢಾವೆ ಪತ್ರಿಕೆಯನ್ನು ಬಾಯಿಪಾಠ ಮಾಡಿದವನನ್ನು ಯಾರೂ ಲೆಕ್ಕಿಗನೆಂದು ಕರೆಯುವುದಿಲ್ಲ. ಇತಿಹಾಸದಲ್ಲಿ ಮಾತ್ರ ಅಂಥವನು ಪದವೀಧರ.

ಅನಂತರ ಬಿ.ಎಡ್. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಬಳಿಕ ಇದು ಒಂದು ವರ್ಷದಿಂದ ಎರಡು ವರ್ಷಕ್ಕೆ ಹಿಗ್ಗಿತು. ಅದರಲ್ಲಿ 20 ವಾರ ಶಾಲೆಗಳಲ್ಲಿಯೇ ಕಳೆಯಬೇಕೆಂಬ ವಿಧಿಯೂ ಬಂದಿತು. ಉದ್ದೇಶ ಒಳ್ಳೆಯದು. ನಡೆಯುವುದೇನು? ಪ್ರಶಿಕ್ಷಣಾರ್ಥಿ ಪಾಠಯೋಜನೆಗಳನ್ನು ಹಿಂದಿನ ವರ್ಷದವರ ದಫ್ತರದಿಂದ ನಕಲು ಮಾಡುತ್ತಾನೆ. ಉದ್ದೇಶಗಳು, ನಿರ್ದಿಷ್ಟ ಕಲಿಕೆಗಳು, ಬೋಧನೋಪಕರಣ, ಮೌಲ್ಯಮಾಪನ ಎಂಬ ಅಂಕಣಗಳಿಗೆ ಬಣ್ಣದ ಶಾಯಿಯಲ್ಲಿ ಗೆರೆ ಎಳೆಯುತ್ತಾನೆ. ಸೂಕ್ಷ್ಮಬೋಧನೆಯಲ್ಲಿ ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ, ಉದಾಹರಣೆ ಕೊಡುವ ಕೌಶಲಗಳನ್ನು ಐದಾರು ನಿಮಿಷದ ತುಣುಕುಗಳಾಗಿ ಅಭ್ಯಾಸ ಮಾಡುತ್ತಾನೆ. ಹೇಗೆ ಕಲಿಸಬೇಕೆಂಬುದು ಇಷ್ಟು ವಿವರವಾಗಿದೆ. ಕಲಿಸಬೇಕಾದದ್ದು ಸತ್ಯವೆಂದು ಹೇಗೆ ತಿಳಿಯಿತು ಎಂಬ ಪ್ರಶ್ನೆಗೆ ಪಾಠಯೋಜನೆಯಲ್ಲಿ ಅಂಕಣವೇ ಇಲ್ಲ. ಅರ್ಹತಾ ಪರೀಕ್ಷೆಯ ಎರಡನೆಯ ಪತ್ರಿಕೆಯಲ್ಲಿ 150 ಅಂಕಗಳಿಗೆ 60 ಅಂಕ ಸಮಾಜವಿಜ್ಞಾನಕ್ಕೆ ಇದೆ. ಅಲ್ಲಿಯೂ ಕೇಳುವುದು ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳೇ.

ಇಂಥ ಶಿಕ್ಷಕನ ಕೈಗೆ ಕೊಡುವ ಪುಸ್ತಕವಾದರೂ ಎಂಥದು? ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಶಾಸ್ತ್ರಗಳು ಒಂದೇ ರಟ್ಟಿನೊಳಗೆ. ಇವನ್ನು ಬಿಡಿಬಿಡಿಯಾಗಿ ಅಲ್ಲ, ಒಂದು ಬದುಕಿನ ಅಂಗಗಳಾಗಿ ಕಲಿಸಬೇಕೆಂದು 1952-53ರ ಮುದಲಿಯಾರ್ ಆಯೋಗವೇ ಹೇಳಿತ್ತು. ಎಪ್ಪತ್ತು ವರ್ಷ ಕಳೆದರೂ ಒಂದಾದದ್ದು ರಟ್ಟು ಮಾತ್ರ. ಹತ್ತನೆಯ ತರಗತಿಗೆ ಬಂದರೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ, ಹಿಂದುಳಿದವರಿಗೆ "ಪಾಸಿಂಗ್ ಪ್ಯಾಕೇಜ್". ಶಾಲೆಯ ಫಲಿತಾಂಶ ಕುಸಿದರೆ ನೋಟೀಸು ಬರುತ್ತದೆ; ಮಗು ಶಾಸನವೆಂದರೇನೆಂದು ತಿಳಿಯದಿದ್ದರೆ ಯಾವ ನೋಟೀಸೂ ಇಲ್ಲ.

ಇದಕ್ಕೆ ವಿರುದ್ಧವಾದ ಪರಂಪರೆಯೂ ಇದೇ ನಾಡಿನಲ್ಲಿ ಇತ್ತು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಶಾಸನತಜ್ಞರಾಗುವುದಕ್ಕೆ ಮೊದಲು ಉಪಾಧ್ಯಾಯರು, ಶಾಲಾ ತನಿಖಾಧಿಕಾರಿಗಳು. ಹಳ್ಳಿಯ ಮಕ್ಕಳಿಗೆ ಹೋಬಳಿ ಶಾಲೆಗಳು ಬೇಕೆಂದು 1868ರಲ್ಲಿ ಯೋಜನೆ ಮುಂದಿಟ್ಟವರೂ ಅವರೇ. ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಕಲ್ಲುಗಳ ಮೇಲಿನ ಬರಹ ಅವರ ಕಣ್ಣಿಗೆ ಬಿದ್ದಿತು. 1886ರಲ್ಲಿ "ಎಪಿಗ್ರಾಫಿಯ ಕರ್ನಾಟಿಕ"ದ ಮೊದಲ ಸಂಪುಟ ಹೊರಬಂದಿತು. 1889ರ ಶ್ರವಣಬೆಳಗೊಳದ ಸಂಪುಟದಲ್ಲಿ ಅವರು ಕೊಟ್ಟದ್ದು 144 ಶಾಸನ, ಆರ್. ನರಸಿಂಹಾಚಾರ್ಯರು ಅದೇ ಊರನ್ನು ಮತ್ತೆ ಶೋಧಿಸಿ 1923ರ ಪರಿಷ್ಕೃತ ಸಂಪುಟದಲ್ಲಿ ಅದನ್ನು 500ಕ್ಕೆ ಏರಿಸಿದರು. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯನ್ನು ಅಗೆಸಿದರು, ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಕಲಿಸುವ ಕೆಲಸ, ಹುಡುಕುವ ಕೆಲಸ ಎಂದು ಅವರ ಕಾಲದಲ್ಲಿ ಎರಡು ಕುರ್ಚಿಗಳಿರಲಿಲ್ಲ. ಜೈನರು ಇಂದು ಸಭೆಗಳಲ್ಲಿ ಅಭಿಮಾನದಿಂದ ಉದ್ಧರಿಸುವ ಶಾಸನಗಳಲ್ಲಿ ಬಹುಪಾಲನ್ನು ಓದಿಕೊಟ್ಟವರು ಜೈನರಲ್ಲದ ಇಂಥ ಅಧ್ಯಾಪಕರು, ಅಧಿಕಾರಿಗಳು. ಕೃತಜ್ಞತೆಯೊಡನೆ ಕೊಂಚ ನಾಚಿಕೆಯೂ ಇದಕ್ಕೆ ಸಲ್ಲಬೇಕು.

ಒಂದು ಶಾಸನ ಹಿಡಿದು ಎಷ್ಟು ಕಲಿಸಬಹುದು ಎಂಬುದಕ್ಕೆ ಶ್ರವಣಬೆಳಗೊಳದ ಭಂಡಾರಿ ಬಸದಿಯ 1368ರ ಶಾಸನ ಸಾಕ್ಷಿ. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಯಹ ಮೊದಲಾದ ಕಡೆಯ ಜೈನರು, ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಕುರಿತು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಜೈನರಿಗೆ ಸ್ಥಿರಪಡಿಸಿದನು. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ತಿರುಮಲೆಯ ತಾತಯ್ಯನ ಮೂಲಕ ನೇಮಿಸತಕ್ಕದ್ದು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯತಕ್ಕದ್ದು. ಇದರ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಆಡಳಿತ, ತೆರಿಗೆ, ಭೂಗೋಳ, ನಾಗರಿಕ ಹಕ್ಕು, ದೇವಾಲಯದ ಜಮಾ-ಖರ್ಚು ಎಲ್ಲವೂ ಒಂದು ಕಲ್ಲಿನಲ್ಲಿ. ಮುದಲಿಯಾರ್ ಆಯೋಗ ಕನಸು ಕಂಡ ಸಮಾಜವಿಜ್ಞಾನ ಇದೇ. ಆರು ಶಾಸ್ತ್ರಗಳನ್ನು ರಟ್ಟಿನಲ್ಲಿ ಕಟ್ಟುವ ಬದಲು ಎರಡು ತರಗತಿ ಈ ಕಲ್ಲಿನ ಮುಂದೆ ಕಳೆದರೆ ಸಾಕು.

ಆದರೆ ಇಲ್ಲಿಯೇ ತೊಡಕು. ಸಮಾಜದ ಸಭೆಗಳಲ್ಲಿ ಈ ಶಾಸನವನ್ನು ಸರ್ವಧರ್ಮ ಸಮಭಾವದ ಪ್ರಮಾಣಪತ್ರವೆಂದು ಓದುತ್ತಾರೆ. ಎಂಟನೆಯ ತರಗತಿಯ ಚುರುಕು ಹುಡುಗನೊಬ್ಬ "ಸರ್, ಜಗಳವೇ ಇಲ್ಲದಿದ್ದರೆ ರಾಜಿ ಯಾಕೆ ಬೇಕಾಯಿತು?" ಎಂದು ಕೇಳಿದರೆ ಶಿಕ್ಷಕ ಏನು ಹೇಳಬೇಕು? ಸಾಮರಸ್ಯದ ಶಾಸನವೆಂದು ಮಾತ್ರ ಹೇಳಿದರೆ ಅರ್ಧ ಸುಳ್ಳು. ಜಗಳವನ್ನೇ ಹಿಗ್ಗಿಸಿ ಇಂದಿನ ಮಕ್ಕಳ ಎದೆಯಲ್ಲಿ ಹಗೆ ಬಿತ್ತಿದರೆ ಇನ್ನೂ ದೊಡ್ಡ ಪಾಪ. ಎರಡನ್ನೂ ತಪ್ಪಿಸಿ ನಡೆಯುವುದು ವಿದ್ಯೆಯಿಂದ ಮಾತ್ರ ಬರುತ್ತದೆ, ನೋಟ್ಸಿನಿಂದ ಅಲ್ಲ.

ಭದ್ರಬಾಹು-ಚಂದ್ರಗುಪ್ತರ ಕಥೆಯದು ಇನ್ನೂ ಸೂಕ್ಷ್ಮ ಪ್ರಶ್ನೆ. ಚಂದ್ರಗಿರಿಯ ಸುಮಾರು ಕ್ರಿ.ಶ. 600ರ ಶಾಸನ, ಹನ್ನೆರಡು ವರ್ಷಗಳ ಕ್ಷಾಮವನ್ನು ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಮುಂಗಂಡದ್ದನ್ನೂ ಸಂಘವು ದಕ್ಷಿಣಾಪಥಕ್ಕೆ ಬಂದದ್ದನ್ನೂ ಹೇಳುತ್ತದೆ. ಕಟವಪ್ರದಲ್ಲಿ ಸಮಾಧಿ ಹೊಂದಿದ ಆಚಾರ್ಯರ ಹೆಸರನ್ನು ಪ್ರಭಾಚಂದ್ರ ಎನ್ನುತ್ತದೆ. ಮೌರ್ಯ ಚಂದ್ರಗುಪ್ತನ ಹೆಸರು ಅದರಲ್ಲಿಲ್ಲ. ಭದ್ರಬಾಹುವಿನ ಜೊತೆಗೆ ಚಂದ್ರಗುಪ್ತ ಮುನಿಯ ಹೆಸರು ಕಾಣುವುದು ಅನಂತರದ ಶಾಸನಗಳಲ್ಲಿ, ಅನಂತರದ ಕಥಾಗ್ರಂಥಗಳಲ್ಲಿ. ರೈಸ್, ನರಸಿಂಹಾಚಾರ್ಯರು ಪರಂಪರೆಯನ್ನು ಎತ್ತಿಹಿಡಿದರು, ಫ್ಲೀಟ್ ಒಪ್ಪಲಿಲ್ಲ. ಮೌರ್ಯನ ಕಾಲಕ್ಕೂ ಈ ಮೊದಲ ಶಾಸನಕ್ಕೂ ನಡುವೆ ಸುಮಾರು 900 ವರ್ಷಗಳ ಅಂತರವಿದೆ. ಇದನ್ನು ಮಕ್ಕಳ ಮುಂದೆ ಇದ್ದ ಹಾಗೆ ಇಟ್ಟು "ಪರಂಪರೆ ಹೀಗೆ ಹೇಳುತ್ತದೆ, ಶಾಸನ ಇಷ್ಟು ಹೇಳುತ್ತದೆ" ಎಂದು ಬಿಡಿಸಿ ತೋರಿಸುವ ಶಿಕ್ಷಕ ಶ್ಲಾಘನೆಗೆ ಅರ್ಹ. ಆದರೆ ಹಾಗೆ ಹೇಳಿದ ಶಿಕ್ಷಕನ ಮೇಲೆ ಮುಖ್ಯೋಪಾಧ್ಯಾಯರಿಗೆ ದೂರು ಒಯ್ಯಲು ಸಿದ್ಧರಾದ ಪಾಲಕರು ಪ್ರತಿಯೊಂದು ಸಮಾಜದಲ್ಲಿಯೂ ಇದ್ದಾರೆ. ಜೈನ ಸಮಾಜ ಅದಕ್ಕೆ ಹೊರತು ಎಂದು ಎದೆ ತಟ್ಟಿ ಹೇಳುವವರು ಯಾರು? 2022ರಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆ ರಾಜ್ಯದಾದ್ಯಂತ ಗದ್ದಲಕ್ಕೆ ಕಾರಣವಾಯಿತು. 2023ರಲ್ಲಿ ಸರಕಾರ ಬದಲಾದೊಡನೆ ಮತ್ತೆ ತಿದ್ದುಪಡಿ. ಎರಡೂ ಸಲ ಮಠಗಳು, ಸಂಘಗಳು, ಪಕ್ಷಗಳು ಮಾತನಾಡಿದವು. ತರಗತಿಯಲ್ಲಿ ಆ ಪಾಠ ಮಾಡಬೇಕಾದ ಶಿಕ್ಷಕನನ್ನು ಯಾರಾದರೂ ಕೂರಿಸಿ ಕೇಳಿದರೇ?

ಇಂಥ ಸಂದರ್ಭದಲ್ಲಿ ಅನೇಕಾಂತವಾದವನ್ನು ಅಡ್ಡ ತರುವ ಜಾಣರೂ ಉಂಟು. ಎಲ್ಲರ ದೃಷ್ಟಿಯೂ ಸತ್ಯವೇ, ಆದ್ದರಿಂದ ಯಾರ ಇತಿಹಾಸವನ್ನೂ ಪ್ರಶ್ನಿಸಬೇಡಿ ಎಂಬುದು ಅವರ ವಾದ. ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರ ಬೇರಿಲ್ಲ. ನಯವೆಂದರೆ ಯಾವ ಅಪೇಕ್ಷೆಯಿಂದ ಮಾತನಾಡುತ್ತಿದ್ದೇನೆ ಎಂಬುದನ್ನು ಸ್ಪಷ್ಟಪಡಿಸುವ ಶಿಸ್ತು. ಸಾಕ್ಷ್ಯವಿಲ್ಲದ್ದನ್ನು ಸಾಕ್ಷ್ಯವಿದ್ದದ್ದರ ಪಕ್ಕದಲ್ಲಿ ಸಮಾನ ಆಸನದಲ್ಲಿ ಕೂರಿಸುವ ಉದಾರತೆಯಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಮಿಥ್ಯೋಪದೇಶ ಅವುಗಳಲ್ಲಿ ಮೊದಲನೆಯದು. ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ ಸೃಷ್ಟಿಸುವುದು, ಇನ್ನೊಂದು. ನ್ಯಾಸಾಪಹಾರ, ಎಂದರೆ ನಂಬಿ ಇಟ್ಟ ಒತ್ತೆಯನ್ನು ನುಂಗುವುದು, ಮತ್ತೊಂದು. ವ್ಯಾಪಾರಿಗಳು ಇವನ್ನು ಹುಂಡಿ, ಪತ್ರ, ಒಡವೆಗಳಿಗೆ ಮಾತ್ರ ಅನ್ವಯಿಸಿಕೊಂಡು ಬಂದರು. ಕುಲದ ಹಿರಿಮೆಗಾಗಿ ಇತಿಹಾಸ ತಿದ್ದುವುದು ಕೂಟಲೇಖವಲ್ಲದೆ ಮತ್ತೇನು? ಓದದೆ, ಪರಾಂಬರಿಸದೆ ಮಕ್ಕಳಿಗೆ ಪಾಠ ಹೇಳುವುದು ಯಾವ ಉಪದೇಶ?

ನ್ಯಾಸಾಪಹಾರದ ಮಾತು ಬಸದಿಗಳ ವಿಶ್ವಸ್ತ ಮಂಡಳಿಗಳ ಕಡೆಗೆ ತಿರುಗುತ್ತದೆ. ತಾಳೆಗರಿಯ ಓಲೆಕಟ್ಟು, ಕಡತ, ನೂರು ವರ್ಷದ ಹಳೆಯ ಜಮಾ-ಖರ್ಚಿನ ಪುಸ್ತಕ, ದಾನಪತ್ರ ಇವೆಲ್ಲ ಹಿಂದಿನವರು ಮುಂದಿನವರಿಗಾಗಿ ಇಟ್ಟ ಒತ್ತೆ. ಮೂಡಬಿದಿರೆಯಲ್ಲಿ ಧವಲಾ ಟೀಕೆಯ ಓಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ತೆರೆದುಕೊಂಡವು, ಓದಿಗಲ್ಲ. ಪ್ರತಿಯೊಂದು ಗೋಪ್ಯವಾಗಿ ಹೊರಗೆ ಬಂದ ಮೇಲೆ, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಗಲು 1939 ಬರಬೇಕಾಯಿತು. ಆ ಓಲೆಗಳನ್ನು ಉಳಿಸಿದ ಪುಣ್ಯ ಮೂಡಬಿದಿರೆಯದು, ಸಂದೇಹವಿಲ್ಲ. ಆದರೆ ಪೂಜೆಗೆ ಇಟ್ಟದ್ದು ಓದಿಗೆ ಸಿಗದಿದ್ದರೆ ಪರಂಪರೆ ಎಷ್ಟು ಕಾಲ ಮೂಕವಾಗಿರಬಲ್ಲದು ಎಂಬುದಕ್ಕೂ ಅದೇ ಸಾಕ್ಷಿ. ಇಂದು ಸಣ್ಣ ಊರಿನ ಬಸದಿಗೆ ಬಿ.ಎಡ್. ಪ್ರಶಿಕ್ಷಣಾರ್ಥಿಯೊಬ್ಬ ನೋಟು ಪುಸ್ತಕ ಹಿಡಿದು ಬಂದು "ಹಳೆಯ ದಾಖಲೆ ಏನಾದರೂ ಇವೆಯೇ, ಸ್ವಾಮಿ?" ಎಂದು ಕೇಳಿದರೆ ದೊರೆಯುವ ಉತ್ತರ ಗೊತ್ತಿದ್ದದ್ದೇ: ಅಧ್ಯಕ್ಷರು ಊರಲ್ಲಿಲ್ಲ, ಕಾರ್ಯದರ್ಶಿಗಳನ್ನು ಕೇಳಿ, ಅರ್ಜಿ ಬರೆದುಕೊಡಿ, ಮುಂದಿನ ಸಭೆಯಲ್ಲಿ ನೋಡೋಣ. ಅಷ್ಟರಲ್ಲಿ ಹುಡುಗನ ವಾರಗಳು ಮುಗಿದಿರುತ್ತವೆ. ಕಪಾಟಿನಲ್ಲಿ ಗೆದ್ದಲಿನ ಅಧ್ಯಯನ ಮಾತ್ರ ಅರ್ಜಿಯಿಲ್ಲದೆ ಸಾಗಿರುತ್ತದೆ.

ಹೊಟ್ಟೆಪಾಡಿನ ಆಕ್ಷೇಪ ಉಳಿದಿದೆ; ಅದನ್ನು ಹಗುರವಾಗಿ ಕಾಣುವಂತಿಲ್ಲ. ಅನುದಾನವಿಲ್ಲದ ಶಾಲೆಗಳಲ್ಲಿ ಶಿಕ್ಷಕರಿಗೆ ಸಿಗುವ ಸಂಬಳ ಹೇಳಿಕೊಳ್ಳುವಂಥದ್ದಲ್ಲ, ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಅಭದ್ರತೆ ಎಲ್ಲರಿಗೂ ತಿಳಿದದ್ದೇ. ಸರಕಾರಿ ನೇಮಕಾತಿ ಬಂದಾಗ ದೊಡ್ಡದಾಗಿ ಬರುತ್ತದೆ. 2022ರಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ 15,000 ಪದವೀಧರ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದರು, ಸಮಾಜವಿಜ್ಞಾನವೂ ಅದರಲ್ಲಿತ್ತು. ಬಳಿಕ ಆಯ್ಕೆಪಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತಿ ತಡವಾಯಿತು. ಹೀಗಾಗಿ ದೊಡ್ಡಪ್ಪನವರ ಭಯ ಪೂರ್ತಿ ಸುಳ್ಳಲ್ಲ. ಆದರೆ ಶಾಲೆಗಳನ್ನು ನಡೆಸುವ ಜೈನ ಸಂಸ್ಥೆಗಳೇ ನಾಡಿನಲ್ಲಿ ಅನೇಕ ಇವೆಯಲ್ಲ? ಅಲ್ಲಿ ಗಣಿತ, ವಿಜ್ಞಾನದ ಶಿಕ್ಷಕರಿಗೆ ಒಂದು ವೇತನ, "ಸಮಾಜ"ದವರಿಗೆ ಒಂದು ವೇತನ ಎಂಬ ಅಲಿಖಿತ ನಿಯಮವಿದ್ದರೆ ಅದನ್ನು ಅಳಿಸಲು ಯಾವ ಸಚಿವರಿಗೂ ಮನವಿಪತ್ರ ಬೇಕಿಲ್ಲ. ಆಡಳಿತ ಮಂಡಳಿಯ ಒಂದು ಸಭೆ ಸಾಕು. ಮೇಳದ ಒಂದು ರಾತ್ರಿಯ ವಿದ್ಯುದ್ದೀಪಾಲಂಕಾರಕ್ಕೆ ಖರ್ಚಾಗುವ ಹಣದಲ್ಲಿ ಇತಿಹಾಸ ಓದುವ ಇಬ್ಬರು ಮಕ್ಕಳ ವರ್ಷದ ಶುಲ್ಕ ತುಂಬಬಹುದು. ಆ ಮಕ್ಕಳು ಜೈನರೇ ಆಗಿರಬೇಕೆಂಬ ಹಟವೂ ಬೇಡ. ರೈಸ್ ಜೈನರಾಗಿರಲಿಲ್ಲ.

ಇನ್ನು ಬಸದಿಗಳ ವಿಶ್ವಸ್ತರು ಮಾಡಬಹುದಾದದ್ದು ಸರಳವಾಗಿದೆ. ಬಿ.ಎಡ್. ಕಾಲೇಜು ಇರುವ ಪ್ರತಿಯೊಂದು ಊರಿನಲ್ಲಿ, 20 ವಾರಗಳ ಶಾಲಾ ಅವಧಿಯಲ್ಲಿ ಎರಡು ದಿನ, ಪ್ರಶಿಕ್ಷಣಾರ್ಥಿಗಳನ್ನು ಕರೆದು ಶಾಸನ ತೋರಿಸುವುದು, ಹಳೆಯ ಜಮಾ-ಖರ್ಚನ್ನು ಓದಲು ಕೊಡುವುದು, ಅಕ್ಕಿಗೆ ಎಣ್ಣೆಗೆ ಆಗ ಎಷ್ಟು ಬೆಲೆಯಿತ್ತು ಎಂಬುದನ್ನು ಅವರಿಂದಲೇ ಪಟ್ಟಿ ಮಾಡಿಸುವುದು. ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಬೋಧನೋಪಕರಣ ಪೇಟೆಯಲ್ಲಿ ಸಿಗದು. ಇದಕ್ಕೆ ಹಣ ಬೇಕಿಲ್ಲ, ಕಪಾಟಿನ ಕೀಲಿಕೈ ಬೇಕು. ಎಷ್ಟೋ ಕಡೆ ಅದು ಯಾರ ಬಳಿ ಇದೆ ಎಂಬುದು ಈಗಿನ ವಿಶ್ವಸ್ತರಿಗೇ ತಿಳಿದಿಲ್ಲ. ಮೊದಲು ಅದನ್ನು ಹುಡುಕಿಸಬೇಕು.